ಥಿನ್ನರ್ ಅಂದರೆ ಯಾವ ಥಿನ್ನರ್? ನನ್ನ ಬೆಲ್ ಏರ್ ಕರಗಿದ ಕಥೆ

ಹಳೇ ಪ್ಲಾಸ್ಟಿಕ್ ಮಾಡೆಲ್ಲಿನ ಬಣ್ಣ ಕಿತ್ತು ಹೊಸದಾಗಿ ಹೊಡೆಯೋಣ ಅಂತ ಹೊರಟಿದ್ದೀರಾ? ಹಾರ್ಡ್‌ವೇರ್ ಅಂಗಡಿಗೆ ಹೋಗುವ ಮೊದಲು ಇದನ್ನೊಮ್ಮೆ ಓದಿಬಿಡಿ.

ಕಾರು 1957ರ ಷೆವ್ರೊಲೆ ಬೆಲ್ ಏರ್. 1/25 ಅಳತೆ, ಅಂದರೆ ಉದ್ದ ಸುಮಾರು 20 ಸೆಂಟಿಮೀಟರ್, ಒಂದು ಗೇಣು. ಸೋದರಮಾವ ಅಮೆರಿಕದಿಂದ ತಂದುಕೊಟ್ಟಾಗ ನನಗೆ ಹನ್ನೊಂದು ವರ್ಷ. ಮನೆ ಗೇಟಿಗೆ ಬಳಿದು ಉಳಿದಿದ್ದ ನೀಲಿ ಎನಾಮೆಲ್ಲನ್ನು ದೋಸೆಹಿಟ್ಟಿನ ಹಾಗೆ ಹುಯ್ದಿದ್ದೆ. ಬಾಗಿಲಿನ ಗೆರೆ, ಹಿಡಿ ಎಲ್ಲ ಮುಚ್ಚಿಹೋಗಿದ್ದವು. ಮೊನ್ನೆ ಅಟ್ಟ ಖಾಲಿ ಮಾಡುವಾಗ ಸಿಕ್ಕಿತು, ಇದನ್ನು ಸರಿಮಾಡಲೇಬೇಕು ಅನ್ನಿಸಿತು.

ಮೊದಲು ಕೈಹಾಕಿದ್ದು ಬಂಪರ್, ಗ್ರಿಲ್ಲಿಗೆ. ಅವುಗಳ ಹೊಳಪನ್ನು ಎಲ್ಲರೂ ಕ್ರೋಮ್ ಅಂತೀವಿ, ಅದು ನಿಜಕ್ಕೆ ಅಲ್ಯುಮಿನಿಯಂ. ನಿರ್ವಾತದಲ್ಲಿ ಆವಿಮಾಡಿ ಕೂರಿಸಿದ ಪೊರೆ, ಒಂದು ಮೈಕ್ರಾನ್ ದಪ್ಪವೂ ಇರುವುದಿಲ್ಲ. ಅಲ್ಯುಮಿನಿಯಂಗೂ ಕ್ಷಾರಕ್ಕೂ ಆಗಿಬರದು. ಬಟ್ಟೆಗೆ ಹಾಕುವ ದ್ರವ ಬ್ಲೀಚ್‌ನಲ್ಲಿ ಕ್ಷಾರ ಇದ್ದೇ ಇರುತ್ತದೆ. ಐಸ್‌ಕ್ರೀಮ್ ಡಬ್ಬಿಗೆ ಸುರಿದು ಬಂಪರ್ ಮುಳುಗಿಸಿದೆ. ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳೆದ್ದವು. ಬೆಳ್ಳಿಬಣ್ಣ ತೆಳುವಾಗುತ್ತ ಹೋಗಿ, ನನ್ನ ಕಾಫಿ ಮುಗಿಯುವಷ್ಟರಲ್ಲಿ ಮಾಯ. ಕೆಳಗಿದ್ದ ಹಳದಿ ಛಾಯೆಯ ಲ್ಯಾಕರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಇಲ್ಲಿ ಮೊದಲನೇ ಎಡವಟ್ಟು. ಉಳಿದ ಬ್ಲೀಚನ್ನು ಬಚ್ಚಲಿಗೆ ಚೆಲ್ಲಲು ಹೋದೆ. ಐದು ನಿಮಿಷದ ಹಿಂದಷ್ಟೇ ಅಮ್ಮ ಅಲ್ಲಿ ಬಾತ್‌ರೂಮ್ ಆಸಿಡ್ ಹಾಕಿ ನೆನೆಯಲು ಬಿಟ್ಟಿದ್ದರು. ಬ್ಲೀಚಿಗೆ ಆಸಿಡ್ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. ಮೂಗಿಗೆ ಸೂಜಿ ಚುಚ್ಚಿದ ಹಾಗಾಯಿತು, ಕಣ್ಣಲ್ಲಿ ನೀರು, ಕೆಮ್ಮು ನಿಲ್ಲಲೇ ಇಲ್ಲ. "ಏನೋ ಅದು ವಾಸನೆ, ಆಚೆ ಬಾರೋ!" ಅಂತ ಅಮ್ಮ ಕೂಗಿದ್ದಕ್ಕೆ ಓಡಿಬಂದೆ. ಡಬ್ಬಿಯಲ್ಲಿದ್ದದ್ದು ಒಂದು ಲೋಟದಷ್ಟು. ಅರ್ಧ ಬಕೆಟ್ ಇದ್ದಿದ್ದರೆ ಈ ಬರಹ ಬೇರೆ ಯಾರಾದರೂ ಬರೆಯಬೇಕಿತ್ತು. ಬ್ಲೀಚ್ ಕೆಲಸವನ್ನು ಬಚ್ಚಲಲ್ಲಿ ಮಾಡಲೇಬೇಡಿ. ಕಿಟಕಿ ತೆಗೆದಿಟ್ಟು, ಕೈಗೆ ಗ್ಲೌಸ್ ಹಾಕಿಕೊಂಡು ಮಾಡಿ, ಬ್ಲೀಚ್ ಚೆಲ್ಲುವ ಜಾಗಕ್ಕೆ ಯಾರು ಏನು ಹಾಕಿದ್ದಾರೆ ಅಂತ ಮನೆಯವರನ್ನು ಕೇಳಿ.

ಎರಡನೆಯದು ಹೊಟ್ಟೆ ಉರಿಸಿದ್ದು. ಅಮೆರಿಕದವರ ವಿಡಿಯೋ ಒಂದರಲ್ಲಿ ಎನಾಮೆಲ್ ತೆಗೆಯಲು 'ಪೇಂಟ್ ಥಿನ್ನರ್' ಅಂದಿದ್ದರು. ಅಂಗಡಿಗೆ ಹೋಗಿ ಬಣ್ಣ ತೆಗೆಯುವ ಥಿನ್ನರ್ ಕೇಳಿದೆ. "ಎನ್‌ಸಿ ಥಿನ್ನರ್ ತಗೊಳ್ಳಿ ಸಾರ್, ಏನಿದ್ರೂ ಕಿತ್ಕೊಂಡು ಬರತ್ತೆ" ಅಂದರು ಅವರು. ಸುಳ್ಳೇನೂ ಹೇಳಲಿಲ್ಲ ಬಿಡಿ.

ಆಮೇಲೆ ತಿಳಿದದ್ದು: ಅಮೆರಿಕದವರ ಪೇಂಟ್ ಥಿನ್ನರ್ ಅಂದರೆ ನಮ್ಮ ಪೇಂಟರುಗಳು ಟರ್ಪೆಂಟೈನ್ ಅನ್ನೋ ಥರದ ಪೆಟ್ರೋಲಿಯಂ ದ್ರಾವಕ. ನಮ್ಮಲ್ಲಿ ಬರೀ ಥಿನ್ನರ್ ಅಂದರೆ ಕೈಗೆ ಬರುವುದು ಹೆಚ್ಚಾಗಿ ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಬಣ್ಣಗಳ ಥಿನ್ನರ್. ಮರಗೆಲಸದವರು ಲ್ಯಾಕರಿಗೆ, ಗ್ಯಾರೇಜಿನವರು ಸ್ಪ್ರೇ ಪೇಂಟಿಗೆ ಬೆರೆಸುವಂಥದ್ದು. ಅದರಲ್ಲಿ ಟೊಲ್ಯೂಯಿನ್, ಅಸಿಟೋನ್‌ನಂಥವು ಇರುತ್ತವೆ. ಮಾಡೆಲ್ ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್, ಇವೆರಡೂ ಅದನ್ನು ಕರಗಿಸುತ್ತವೆ. ಕಿಟ್ ಅಂಟಿಸುವ ಸಿಮೆಂಟ್ ಕೆಲಸ ಮಾಡುವುದೂ ಹೀಗೇ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವುದು. ಅಂದರೆ ಇಡೀ ಕಾರನ್ನು ನಾನು ಅಂಟಿನಲ್ಲಿ ನೆನೆಹಾಕಿದ ಹಾಗಾಯಿತು.

ಸ್ಟೀಲ್ ತಟ್ಟೆಯಲ್ಲಿ ಥಿನ್ನರ್ ಹಾಕಿ ಬಾಡಿ ಮಲಗಿಸಿ, ಫೋನ್ ಬಂತು ಅಂತ ಎದ್ದುಹೋದೆ. ಹತ್ತು ನಿಮಿಷ ಇರಬಹುದು. ಬಂದು ನೋಡಿದರೆ ನೀಲಿ ಬಣ್ಣ ಸುಕ್ಕುಗಟ್ಟಿ ಹಾಲಿನ ಕೆನೆ ಥರ ತೇಲುತ್ತಿದೆ. ಖುಷಿಯಾಗಿ ಎತ್ತಲು ಹೋದೆ. ಹೆಬ್ಬೆರಳು ಛಾವಣಿಯೊಳಗೆ ಇಳಿಯಿತು. ಹಿಂದಿನ ಆ ಚೂಪು ರೆಕ್ಕೆಗಳು ಬಿಸಿಲಿಗಿಟ್ಟ ಬೆಲ್ಲದಚ್ಚಿನ ಹಾಗೆ ಬಾಗಿ ತಟ್ಟೆಗೆ ಅಂಟಿಕೊಂಡಿದ್ದವು.

ಹಾಳಾಗದೆ ಉಳಿದ ಬಾನೆಟ್ಟಿಗೆ, ಚಕ್ರದ ಬಟ್ಟಲುಗಳಿಗೆ ಆಮೇಲೆ ಬಳಸಿದ್ದು ಗಾಯ ತೊಳೆಯುವ ಜೇನುಬಣ್ಣದ ಆಂಟಿಸೆಪ್ಟಿಕ್, ನೀರು ಬೆರೆಸದೆ. ಒಂದು ರಾತ್ರಿ ನೆನೆಸಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದರೆ ಎನಾಮೆಲ್ ಎದ್ದುಬಂತು. ಆದರೆ ತಕ್ಷಣ ನೀರು ತಾಗಿಸಬೇಡಿ, ಎದ್ದ ಬಣ್ಣವೆಲ್ಲ ಹಲಸಿನ ಮೇಣದ ಹಾಗೆ ಅಂಟುತ್ತದೆ. ಮೊದಲು ಅದೇ ದ್ರವದಲ್ಲಿ ಜಾಲಿಸಿ, ಆಮೇಲೆ ಸೋಪಿನ ನೀರು. ಬಂಪರಿನ ಹಳದಿ ಲ್ಯಾಕರ್ ಹೋದದ್ದು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ. ಬೆಂಗಳೂರಿನವರಾದರೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ. ಬ್ರೇಕ್ ಆಯಿಲ್ ಅನ್ನುವವರೂ ಇದ್ದಾರೆ, ನನಗಂತೂ ಧೈರ್ಯ ಸಾಲಲಿಲ್ಲ. ಯಾವುದೇ ಇರಲಿ, ಬಿಡಿಭಾಗ ಕತ್ತರಿಸಿ ಉಳಿದ ಚೌಕಟ್ಟಿನ ತುಂಡೊಂದನ್ನು ಒಂದು ದಿನ ಮುಳುಗಿಸಿ, ಉಗುರಿನಿಂದ ಒತ್ತಿ ನೋಡಿ.

ಯಾರ ಹತ್ತಿರವಾದರೂ 1/25ರ 57 ಬೆಲ್ ಏರ್ ಬಾಡಿ ಒಂದೇ ಬಿಡಿಯಾಗಿ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ಬಂಪರ್, ಗ್ರಿಲ್, ಬಾನೆಟ್ ನನ್ನ ಹತ್ತಿರ ಚೊಕ್ಕವಾಗಿವೆ.