ಸೋಷಿಯಲ್ ಆಡಿಟ್‌ಗೆ ಸಿದ್ಧಪಡಿಸುವ ಸಲಹಾ ಸೇವೆ: ದಾವಣಗೆರೆಯ ಸಣ್ಣ ಗಾರ್ಮೆಂಟ್ಸ್ ಘಟಕವೊಂದರ ಅನುಭವ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನಾವು ನಡೆಸುತ್ತಿರುವ ಹೊಲಿಗೆ ಘಟಕವು ಬೆಂಗಳೂರಿನ ರಫ್ತುದಾರರಿಗೆ ಜಾಬ್‌ವರ್ಕ್ ಮಾಡಿಕೊಡುತ್ತದೆ. ಸೋಷಿಯಲ್ ಆಡಿಟ್‌ನಲ್ಲಿ, ಅಂದರೆ ಕಾರ್ಮಿಕರ ಕೂಲಿ, ಹಕ್ಕು ಮತ್ತು ಕೆಲಸದ ಸ್ಥಿತಿಗತಿಗಳ ತಪಾಸಣೆಯಲ್ಲಿ, ತೇರ್ಗಡೆಯಾಗದ ಘಟಕಕ್ಕೆ ಮುಂದಿನ ಹಂಗಾಮಿನಿಂದ ಆರ್ಡರ್ ಕೊಡಲಾಗದೆಂದು ಅವರು ತಿಳಿಸಿದ ಮೇಲೆ, ನಗರದಲ್ಲೇ ಕಚೇರಿ ಇರುವ ಸಲಹಾ ಸಂಸ್ಥೆಯೊಂದರ ಸೇವೆ ಪಡೆದೆವು. ದಾಖಲೆಗಳನ್ನು ಕ್ರಮಪಡಿಸುವುದರಲ್ಲಿ ಈ ಸೇವೆ ಬಹಳ ಉತ್ತಮವಾಗಿದೆ. ಕಾರ್ಮಿಕರ ಮಾತು ಕೇಳಿಸಿಕೊಳ್ಳುವುದರಲ್ಲಿ ದುರ್ಬಲವಾಗಿದೆ, ಒಂದು ಹಂತದಲ್ಲಂತೂ ದಾರಿ ತಪ್ಪಿದೆ. ಇದೇ ಬಗೆಯ ಸೇವೆಯನ್ನು ಹುಡುಕುತ್ತಿರುವ ಇತರ ಘಟಕದವರಿಗೆ ನೆರವಾಗಲೆಂದು ವಿವರವಾಗಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಹೇಳುವುದು ನನ್ನ ಉದ್ದೇಶವಲ್ಲ.

ಮೊದಲ ಭೇಟಿಯಲ್ಲಿ ಅವರು ನಮಗೂ ಸೂಪರ್‌ವೈಸರ್‌ಗಳಿಗೂ ಒಂದು ತರಗತಿ ನಡೆಸಿದರು. ಮಾನವ ಹಕ್ಕುಗಳ ವಿಚಾರವನ್ನು ದೇಶಗಳು ವಿಶ್ವಸಂಸ್ಥೆಯ ಸಭೆಗಳಲ್ಲಿ ಮಾತ್ರ ಎತ್ತುತ್ತಿದ್ದ ಕಾಲ ಕಳೆದು, ಈಗ ಅದು ಬಂದರಿನ ಕಸ್ಟಮ್ಸ್ ಕಟ್ಟೆಯಲ್ಲೇ ಇತ್ಯರ್ಥವಾಗುತ್ತಿರುವುದನ್ನು ಸರಳವಾಗಿ ವಿವರಿಸಿದರು. ಬಲವಂತದ ದುಡಿಮೆಯಿಂದ ತಯಾರಾದ ಸರಕಿನ ಆಮದನ್ನು ಅಮೆರಿಕದ 1930ರ ಸುಂಕ ಕಾಯ್ದೆಯ 307ನೇ ಸೆಕ್ಷನ್ ಮೊದಲೇ ನಿಷೇಧಿಸಿತ್ತು. 2022ರ ಜೂನ್‌ನಲ್ಲಿ ಜಾರಿಗೆ ಬಂದ ಅಮೆರಿಕದ್ದೇ ಆದ ಉಯಿಘರ್ ಕಾಯ್ದೆಯು ಅದರಾಚೆಗೂ ಹೋಗಿ, ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಪೂರ್ತಿಯಾಗಿಯಾಗಲಿ ಭಾಗಶಃವಾಗಿಯಾಗಲಿ ತಯಾರಾದ ಯಾವುದೇ ಸರಕನ್ನು ಬಲವಂತದ ದುಡಿಮೆಯದೆಂದೇ ಭಾವಿಸುತ್ತದೆ; ಹಾಗಲ್ಲವೆಂದು ಸಾಧಿಸಿ ತೋರಿಸುವ ಹೊಣೆ ಆಮದುದಾರನದು. ಐರೋಪ್ಯ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ಬಲವಂತದ ದುಡಿಮೆ ವಿರೋಧಿ ನಿಯಮವು 2027ರ ಡಿಸೆಂಬರ್ 14ರಿಂದ ಅನ್ವಯವಾಗಲಿದೆ. ಹೀಗೆ ಅಲ್ಲಿನ ಆಮದುದಾರನ ಮೇಲೆ ಬೀಳುವ ಹೊಣೆ ರಫ್ತುದಾರನಿಗೆ ಇಳಿದು, ಕೊನೆಗೆ ನಮ್ಮ ಹಾಜರಿ ಪುಸ್ತಕದವರೆಗೆ ಬರುತ್ತದೆ.

ಈ ಸೇವೆಯ ನಿಜವಾದ ಬಲವಿರುವುದು ಹತ್ತಿಯ ಮೂಲವನ್ನು ಗುರುತಿಸುವ ಕೆಲಸದಲ್ಲಿ. ಉಯಿಘರ್ ಕಾಯ್ದೆಯಡಿ ತಪಾಸಣೆಗೆ ಮೊದಲ ಆದ್ಯತೆಯ ಸರಕುಗಳಲ್ಲಿ ಹತ್ತಿಯೂ ಒಂದಾಗಿದ್ದು, ಸಿದ್ಧ ಉಡುಪಿನಿಂದ ಹಿಂದಕ್ಕೆ ಬಟ್ಟೆ, ನೂಲು, ಅರಳೆಯ ಬೇಲ್, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಫ್ಯಾಕ್ಟರಿಗಳವರೆಗೆ ಕಾಗದದ ಸರಪಳಿ ಎಲ್ಲಿಯೂ ತುಂಡಾಗಬಾರದು. ಚಿತ್ರದುರ್ಗದ ಹತ್ತಿ ಮಾರುಕಟ್ಟೆಯನ್ನು ಕಂಡವರಿಗೆ ಇದು ಎಷ್ಟು ಕಷ್ಟದ ಕೆಲಸವೆಂದು ಹೇಳಬೇಕಾಗಿಲ್ಲ: ಹಲವು ರೈತರ ಹತ್ತಿ ಜಿನ್ನಿಂಗ್‌ನಲ್ಲಿ ಒಂದಾಗುತ್ತದೆ, ಹಲವು ಊರುಗಳ ಬೇಲ್‌ಗಳು ನೂಲಿನ ಗಿರಣಿಯಲ್ಲಿ ಬೆರೆಯುತ್ತವೆ. ಸಲಹೆಗಾರರು ನಮ್ಮ ಕೈಯಲ್ಲಿ ಇಲ್ಲದ್ದನ್ನು ನಮ್ಮಿಂದ ಕೇಳಲಿಲ್ಲ. ರಫ್ತುದಾರರಿಂದ ಬರುವ ಬಟ್ಟೆಯ ಚಲನ್‌ನಲ್ಲಿ ಲಾಟ್ ನಂಬರ್ ಇರಲೇಬೇಕೆಂದು ಪತ್ರ ಬರೆಸಿದರು. ಕತ್ತರಿಸುವ ಮೇಜಿನಿಂದ ಪ್ಯಾಕಿಂಗ್‌ವರೆಗೆ ಪ್ರತಿ ಕಟ್ಟಿನ ಜೊತೆಗೂ ಅದೇ ನಂಬರಿನ ಚೀಟಿ ಸಾಗುವಂತೆ ಮಾಡಿದರು. ಉಳಿದ ಚೂರುಬಟ್ಟೆಯ ತೂಕವನ್ನೂ ಬರೆದಿಡಲು ಕಲಿಸಿದರು. ಬಂದ ಬಟ್ಟೆ, ಹೋದ ಉಡುಪು, ಉಳಿದ ಚೂರು ಮೂರೂ ತಾಳೆಯಾದರೆ ಬೇರೆ ಕಡೆಯ ಬಟ್ಟೆ ನಡುವೆ ಸೇರಿಲ್ಲವೆಂದು ತೋರಿಸಲು ಸಾಧ್ಯವಾಗುತ್ತದೆ. ಆಡಿಟರ್ ಬಂದಾಗ ಈ ಭಾಗದಲ್ಲಿ ಒಂದೂ ಆಕ್ಷೇಪ ಬರಲಿಲ್ಲ.

ಇದರಷ್ಟೇ ಮೆಚ್ಚುಗೆಯಾದದ್ದು ಅವರು ರೂಪಿಸಿಕೊಟ್ಟ ಕನ್ನಡದ ಸಂಬಳ ಚೀಟಿ. ಹೆಚ್ಚುವರಿ ಅವಧಿಯ ದುಡಿಮೆಗೆ (ಓಟಿ) ಎರಡರಷ್ಟು ದರದ ಕೂಲಿ ಸಲ್ಲಬೇಕೆಂಬುದು ನಮ್ಮ ದೇಶದ ಕಾನೂನೇ ಆಗಿದೆ. ಆದರೆ ಆ ಲೆಕ್ಕವು ಇಂಗ್ಲಿಷಿನ ಸಂಕ್ಷಿಪ್ತಾಕ್ಷರಗಳಲ್ಲಿ ಅಚ್ಚಾದರೆ ಅದನ್ನು ಪರಿಶೀಲಿಸುವ ಅವಕಾಶ ದುಡಿದವರಿಗೇ ಇರುವುದಿಲ್ಲ. ಈಗ ಮೂಲ ವೇತನ, ತುಟ್ಟಿಭತ್ಯೆ, ಓಟಿಯ ಗಂಟೆ ಮತ್ತು ದರ, ಪಿಎಫ್, ಇಎಸ್‌ಐ ಎಲ್ಲವನ್ನೂ ಟೈಲರ್‌ಗಳು ಓದಿ ಪ್ರಶ್ನಿಸುತ್ತಿದ್ದಾರೆ.

ಆದರೆ ಆ ತರಗತಿಯಲ್ಲಿ ನಾನು ಒಪ್ಪದ ಒಂದು ಮಾತಿತ್ತು. ಇವೆಲ್ಲ ಶ್ರೀಮಂತ ದೇಶಗಳು ನಮ್ಮ ಸರಕನ್ನು ತಡೆಯಲು ಹೂಡಿದ ನೆಪಗಳು, ಆದ್ದರಿಂದ ಕೇಳಿದ ಕಾಗದವನ್ನು ಕೊಟ್ಟು ಮುಗಿಸಿದರೆ ಸಾಕು ಎಂದು ಸಲಹೆಗಾರರು ಹೇಳಿದರು. ಆ ಆತಂಕಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಕಾರ್ಮಿಕ ಮಾನದಂಡಗಳನ್ನು ಸೇರಿಸುವುದನ್ನು ಭಾರತ ಬಲವಾಗಿ ವಿರೋಧಿಸಿತು. ಅದೇ ಸಂಸ್ಥೆಯ 1996ರ ಸಿಂಗಪುರ ಘೋಷಣೆಯೂ ಅಂಥ ಮಾನದಂಡಗಳನ್ನು ಸ್ವದೇಶಿ ಉದ್ಯಮದ ರಕ್ಷಣೆಗೆ ಬಳಸಬಾರದೆಂದು ಹೇಳಿ ವಿಷಯವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗೆ ಬಿಟ್ಟಿತು. ಆದರೆ ಅದಕ್ಕೆ ಅರ್ಧ ಶತಮಾನ ಮೊದಲು, 1946ರಲ್ಲಿ, ವರ್ಣಭೇದದ ಕಾರಣಕ್ಕೆ ದಕ್ಷಿಣ ಆಫ್ರಿಕಾದೊಂದಿಗೆ ವ್ಯಾಪಾರವನ್ನೇ ನಿಲ್ಲಿಸಿದ ದೇಶವೂ ನಮ್ಮದೇ. ಮನುಷ್ಯರ ಘನತೆಗಾಗಿ ವ್ಯಾಪಾರದ ನಷ್ಟವನ್ನು ಹೊರಬಹುದೆಂದು ನಾವೇ ತೋರಿಸಿಕೊಟ್ಟಿರುವಾಗ, ಈ ಸಂಬಂಧವನ್ನು ಬರೀ ಪರದೇಶದ ಹೂಟವೆಂದು ತಳ್ಳಿಹಾಕುವುದು ಸರಿಯಲ್ಲ.

ನನ್ನ ಚಿಂತೆ ಬೇರೆಯದು. ವ್ಯಾಪಾರದ ಶಿಕ್ಷೆ ಯಾರ ಮೇಲೆ ಬೀಳುತ್ತದೆ? ಮಾನವ ಹಕ್ಕು ಒಪ್ಪಂದಗಳನ್ನು ಸರಿಯಾಗಿ ಪಾಲಿಸಲಿಲ್ಲವೆಂದು 2010ರಲ್ಲಿ ಐರೋಪ್ಯ ಒಕ್ಕೂಟವು ಶ್ರೀಲಂಕಾದ ಸುಂಕ ರಿಯಾಯಿತಿಯನ್ನು ಹಿಂತೆಗೆದುಕೊಂಡಿತು. ಅದು ಮರಳಿ ಸಿಕ್ಕಿದ್ದು 2017ರಲ್ಲಿ. ಇಂಥದೇ ಕಾರಣಕ್ಕೆ 2020ರ ಆಗಸ್ಟ್‌ನಲ್ಲಿ ಕಾಂಬೋಡಿಯಾದಿಂದ ಐರೋಪ್ಯ ಒಕ್ಕೂಟಕ್ಕೆ ಹೋಗುವ ರಫ್ತಿನ ಸುಮಾರು ಐದನೇ ಒಂದು ಭಾಗ ಸುಂಕರಹಿತ ಪ್ರವೇಶವನ್ನು ಕಳೆದುಕೊಂಡಿತು. ತಪ್ಪು ಸರಕಾರದ್ದು, ಆರ್ಡರ್ ಕಡಿಮೆಯಾದರೆ ಕೆಲಸ ಹೋಗುವುದು ಹೊಲಿಯುವ ಹೆಣ್ಣುಮಕ್ಕಳದ್ದು. ತಮಿಳುನಾಡಿನ ದಿಂಡಿಗಲ್‌ನಲ್ಲಿ 2022ರ ಏಪ್ರಿಲ್‌ನಲ್ಲಿ ಆದ ಒಪ್ಪಂದ ನನಗೆ ಹೆಚ್ಚು ಭರವಸೆ ಕೊಡುವುದು ಈ ಕಾರಣಕ್ಕೆ. ಮಹಿಳಾ ಕಾರ್ಮಿಕರ ಸಂಘ, ಕಾರ್ಖಾನೆಯ ಆಡಳಿತ ಮತ್ತು ವಿದೇಶಿ ಬ್ರಾಂಡ್ ಸೇರಿ ಲೈಂಗಿಕ ಕಿರುಕುಳದ ವಿರುದ್ಧ ಮಾಡಿಕೊಂಡ ಆ ವ್ಯವಸ್ಥೆಯಲ್ಲಿ ಕಾರ್ಮಿಕರೇ ನಿಗಾ ಇಡುವವರು. ಅದೇ ವರ್ಷದ ಜುಲೈನಲ್ಲಿ ಅಲ್ಲಿನ ಘಟಕವೊಂದರ ಸರಕಿಗೆ ಬಲವಂತದ ದುಡಿಮೆಯ ಶಂಕೆಯಿಂದ ಅಮೆರಿಕ ಹಾಕಿದ ತಡೆ ಸೆಪ್ಟೆಂಬರ್‌ನಲ್ಲೇ ತೆರವಾಯಿತು.

ಇದನ್ನೆಲ್ಲ ಬಲ್ಲ ಸಲಹಾ ಸಂಸ್ಥೆಯೇ ಆಡಿಟ್‌ಗೆ ಮುನ್ನ ಪ್ರಶ್ನೋತ್ತರದ ಹಾಳೆಯೊಂದನ್ನು ತಂದು, ಆಡಿಟರ್ ಕೇಳಿದರೆ ಹೀಗೆಯೇ ಹೇಳಬೇಕೆಂದು ಟೈಲರ್‌ಗಳಿಗೆ ಕಲಿಸಲು ಮುಂದಾದದ್ದು ನನಗೆ ತೀರ ನೋವುಂಟುಮಾಡಿತು. ನಮ್ಮಲ್ಲಿ ಬಹುಕಾಲದಿಂದ ದುಡಿಯುತ್ತಿರುವ ಹಿರಿಯ ಟೈಲರ್ ಒಬ್ಬರು, "ಓಟಿ ರೊಕ್ಕ ಸರಿಯಾಗಿ ಬರ್ತಿದ್ರೆ ನಾವ್ಯಾಕ್ರೀ ಸಾರ್ ಬಾಯಿಪಾಠ ಮಾಡ್ಬೇಕು?" ಎಂದು ನೇರವಾಗಿ ಕೇಳಿದರು. ಆ ಹಾಳೆಯನ್ನು ಹಿಂದಿರುಗಿಸಿದೆವು. ಆಡಿಟರ್ ಜೊತೆ ಟೈಲರ್‌ಗಳು ತಮ್ಮದೇ ಮಾತಿನಲ್ಲಿ ಮಾತಾಡಿದರು; ಶೌಚಾಲಯದ ಸ್ವಚ್ಛತೆ ಮತ್ತು ರಜೆ ಕೇಳಿದಾಗ ಸೂಪರ್‌ವೈಸರ್ ಗದರುವ ವಿಚಾರ ವರದಿಯಲ್ಲಿ ಬಂತು. ಅಷ್ಟಾದರೂ ನಾವು ತೇರ್ಗಡೆಯಾದೆವು, ಸರಿಪಡಿಸಲು ಅವಧಿಯೂ ಸಿಕ್ಕಿತು.

ಶುಲ್ಕದ ಅರ್ಧ ಭಾಗವನ್ನು ತೇರ್ಗಡೆಯಾದ ಮೇಲೆ ಕೊಡಬೇಕೆಂಬ ಸಲಹಾ ಸಂಸ್ಥೆಯ ಷರತ್ತು ಮೇಲ್ನೋಟಕ್ಕೆ ನಮಗೆ ಅನುಕೂಲವೆನಿಸಿದರೂ, ಬಾಯಿಪಾಠ ಮಾಡಿಸುವ ಆತುರಕ್ಕೆ ಅದೇ ಮೂಲವೆಂದು ನನ್ನ ಅಭಿಪ್ರಾಯ. ಕೆಲಸಕ್ಕೆ ಇಷ್ಟು ಎಂದು ಮೊದಲೇ ನಿಗದಿಪಡಿಸಿಕೊಳ್ಳಿ. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಕಡ್ಡಾಯ. ಅದರ ಹೊರಗಿನ ಸದಸ್ಯೆಯಾಗಿ ಸಲಹೆಗಾರರು ತಮ್ಮ ಕಚೇರಿಯವರನ್ನೇ ಹಾಕುತ್ತೇವೆಂದರೆ ಒಪ್ಪಬೇಡಿ, ಮಹಿಳಾ ಸಂಘಟನೆಯ ಅನುಭವಿಯನ್ನು ನೀವೇ ಕರೆತನ್ನಿ. ಲಾಟ್ ದಾಖಲೆ ಮತ್ತು ಸಂಬಳ ಚೀಟಿಯ ಕೆಲಸಕ್ಕೆ ನಾವು ಇದೇ ಸಂಸ್ಥೆಯನ್ನು ಮುಂದುವರಿಸಿದ್ದೇವೆ. ಕಾರ್ಮಿಕರೊಂದಿಗಿನ ಮಾತುಕತೆಯನ್ನು ಅವರ ಒಪ್ಪಂದದಿಂದ ತೆಗೆದಿದ್ದೇವೆ.