ಹಗುರ ಕಾರಿಗೆ ‘ಬಿಗ್ ಬ್ರೇಕ್ ಕಿಟ್’ ಹಾಕಿಸುವವರೇ, ಹುಷಾರು

ಇಂಗ್ಲೆಂಡಿನಲ್ಲಿ ಹಳೇ ಮಾಜ್ದಾ ಎಂಎಕ್ಸ್-5 (ಎರಡು ಸೀಟಿನ ಹಗುರ ಸ್ಪೋರ್ಟ್ಸ್ ಕಾರು) ಇಟ್ಟುಕೊಂಡಿರುವ ಕನ್ನಡದವರು ಕೆಲವರಾದರೂ ಇದ್ದೀರಿ ಅಂತ ಗೊತ್ತು. ಬ್ರೇಕ್ ಅಪ್‌ಗ್ರೇಡ್ ಮಾಡಿಸುವ ಯೋಚನೆ ಇದ್ದರೆ ಮೊದಲು ಇದನ್ನು ಓದಿ, ಆಮೇಲೆ ದುಡ್ಡು ಬಿಚ್ಚಿ.

ನನ್ನದು ಮೊದಲ ತಲೆಮಾರಿನ 1.6 ಲೀಟರ್ ಕಾರು. ತೂಕ 1,000 ಕೆ.ಜಿ. ಒಳಗೇ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಮುಂದಿನ ಡಿಸ್ಕ್ 235 ಮಿ.ಮೀ., ಚಕ್ರ 14 ಇಂಚು. ದಿನದ ಓಡಾಟಕ್ಕೆ ಬ್ರೇಕ್ ಧಾರಾಳವಾಗಿ ಸಾಕಿತ್ತು. ಟ್ರ್ಯಾಕ್ ಡೇಗೆ (ರೇಸ್ ಟ್ರ್ಯಾಕಿನಲ್ಲಿ ನಮ್ಮ ಕಾರು ಓಡಿಸಲು ಬಿಡುವ ದಿನ) ಹೋದಾಗ ಕೆಲವು ಸುತ್ತು ಆದಮೇಲೆ ಪೆಡಲ್ ಮೆತ್ತಗಾಗುತ್ತಿತ್ತು, ಅಷ್ಟೇ ತೊಂದರೆ.

ಅದಕ್ಕೇ ಬಿಗ್ ಬ್ರೇಕ್ ಕಿಟ್ ತರಿಸಿದೆ, ಅಂದರೆ ಮುಂದಿನ ಬ್ರೇಕನ್ನು ದೊಡ್ಡದು ಮಾಡುವ ಸೆಟ್. ಮಾರಿದವನ ಹೆಸರು ಹಾಕುವುದಿಲ್ಲ. ಆನ್‌ಲೈನ್‌ನಲ್ಲೇ ವ್ಯಾಪಾರ ಮಾಡುವವನು. ಈಮೇಲಿನಲ್ಲಿ ಬಿಡಿಸಿ ಬರೆದಿದ್ದೆ: ಕಾರು 1.6, ಚಕ್ರ 14 ಇಂಚು, ರಸ್ತೆಯಲ್ಲೂ ಓಡಿಸುತ್ತೇನೆ. ಉತ್ತರ ತಕ್ಷಣ ಬಂತು. “ಆರಾಮಾಗಿ ಕೂರುತ್ತದೆ. ಹಳೇದು ಬಿಚ್ಚಿ ಇದನ್ನು ಹಾಕಿದರೆ ಮುಗೀತು.” ನಾಲ್ಕು ಪಿಸ್ಟನ್ನಿನ ಕೆಂಪು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ದೊಡ್ಡ ಡಿಸ್ಕ್, ಪ್ಯಾಡ್, ಎಲ್ಲ ಸೇರಿ 800 ಪೌಂಡ್ ಹತ್ತಿರ. ಕಾರ್ಡ್ ಬೇಡ, ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿದರೆ 30 ಪೌಂಡ್ ಬಿಡುತ್ತೇನೆ ಅಂದ. ಯಾಕೆ ಬಿಟ್ಟ ಅಂತ ಈಗ ಗೊತ್ತಾಗಿದೆ ಬಿಡಿ.

ಗೆಳೆಯನ ಗ್ಯಾರೇಜಿನಲ್ಲಿ ಹಾಕಿದೆವು. ಚಕ್ರ ಕೂರಿಸಿ ಕೈಯಲ್ಲಿ ತಿರುಗಿಸಿದರೆ ಕರ್ರ್ ಅಂತ ಸದ್ದು. ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಚಕ್ರದ ಒಳಮೈ ಸುತ್ತ ಹೊಳೆಯುವ ಹೊಸ ಗೆರೆ. ಗೆರೆಯ ತುಂಬ ಕ್ಯಾಲಿಪರಿನ ಕೆಂಪು ಬಣ್ಣ ಮೆತ್ತಿಕೊಂಡಿತ್ತು. ಆರಾಮಾಗಿ ಕೂರುತ್ತದಂತೆ! ಗೆಳೆಯ ಏನೂ ಅನ್ನಲಿಲ್ಲ, ಸುಮ್ನೆ ನಕ್ಕ. ಆ ನಗುವಿಗೇ ಮೈ ಉರಿದುಹೋಯಿತು.

ಫೋಟೊ ಕಳಿಸಿದೆ. ಉತ್ತರ: “ಸ್ಪೇಸರ್ ಹಾಕಿಕೊಳ್ಳಿ. ನಮ್ಮಲ್ಲೇ ಸಿಗುತ್ತೆ, 25 ಪೌಂಡ್.” ಸ್ಪೇಸರ್ ಅಂದರೆ ಚಕ್ರವನ್ನು ಸ್ವಲ್ಪ ಹೊರಕ್ಕೆ ತಳ್ಳುವ ಬಿಲ್ಲೆ. ಗೆಳೆಯನ ಹತ್ತಿರ ಇದ್ದದ್ದನ್ನೇ ಇಟ್ಟು ನೋಡಿದರೆ ನಟ್ಟು ಸ್ಟಡ್ಡಿಗೆ (ಚಕ್ರ ಕೂರಿಸುವ ಬೋಲ್ಟಿಗೆ) ಮೂರೇ ಸುತ್ತು ಹಿಡಿಯುತ್ತಿದೆ! ಇಡೀ ಚಕ್ರ ನಿಂತಿರುವುದೇ ಆ ನಾಲ್ಕು ಸ್ಟಡ್ಡಿನ ಮೇಲೆ, ಅಲ್ವಾ? ಕೇಳಿದ್ದಕ್ಕೆ “ಎಲ್ಲರೂ ಹೀಗೇ ಓಡಿಸುತ್ತಾರೆ, ಯಾರೂ ಕಂಪ್ಲೇಂಟ್ ಮಾಡಿಲ್ಲ” ಅಂತ ಬರೆದ. ಚಕ್ರ ಕಳಚಿ ಹೋದವನು ಎಲ್ಲಿಂದ ಕಂಪ್ಲೇಂಟ್ ಮಾಡುತ್ತಾನೆ ಸ್ವಾಮಿ?

ಯಾರದೋ 15 ಇಂಚಿನ ಚಕ್ರ ಸಾಲ ತಂದು ಹಾಕಿದೆ. ಸದ್ದು ಹೋಯಿತು, ಬೇರೆ ತಲೆನೋವು ಶುರು. ಪೆಡಲ್ ಮೊದಲಿಗಿಂತ ಜಾಸ್ತಿ ಆಳಕ್ಕೆ ಹೋಗುತ್ತಿತ್ತು. ಕ್ಯಾಲಿಪರಿನ ಪಿಸ್ಟನ್ನುಗಳ ಒಟ್ಟು ಅಳತೆ ದೊಡ್ಡದಾಗಿ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಹಳೇದೇ ಇದ್ದರೆ ಹಾಗೇ ಆಗೋದು. ಹಿಂದಿನ ಬ್ರೇಕ್ ಹಾಗೇ ಇದೆ, ಮುಂದೆ ಮಾತ್ರ ಹಿಡಿತ ಜಾಸ್ತಿ. ಮಳೆಯಲ್ಲಿ ರೌಂಡಬೌಟ್ ಹತ್ತಿರ ಒತ್ತಿದರೆ ಮುಂದಿನ ಚಕ್ರ ಎರಡೂ ಲಾಕ್ ಆಗಿ ಕಾರು ನೆಟ್ಟಗೆ ಜಾರಿತು. ಸ್ಟೀರಿಂಗ್ ತಿರುಗಿಸಿದರೂ ಕೇಳಲಿಲ್ಲ. ಇನ್ನು ಚಳಿಗಾಲದ ಬೆಳಗ್ಗೆಯಂತೂ ಪ್ಯಾಡ್ ಹಿಡಿಯುವುದೇ ಇಲ್ಲ.

ಅದಕ್ಕೂ ಅವನ ಹತ್ತಿರ ಉತ್ತರ ಇತ್ತು. ಮೊದಲು “ಬ್ಲೀಡ್ ಮಾಡಿ” ಅಂದ, ಅಂದರೆ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯೋದು. ಮಾಡಿದೆ. “ಸರಿಯಾಗಿ ಬೆಡ್-ಇನ್ ಮಾಡಿಲ್ಲ” ಅಂದ, ಅಂದರೆ ಹೊಸ ಪ್ಯಾಡನ್ನು ಡಿಸ್ಕಿಗೆ ಪಳಗಿಸೋದು. ಅದನ್ನೂ ಮಾಡಿದೆ. ಕೊನೆಗೆ “ಅದು ರೇಸ್ ಪ್ಯಾಡ್, ಬಿಸಿಯಾದ ಮೇಲೇ ಹಿಡಿಯೋದು” ಅಂದ. ಹಾಗಾದರೆ ರಸ್ತೆಯಲ್ಲೂ ಓಡಿಸುತ್ತೇನೆ ಅಂತ ನಾನು ಬರೆದದ್ದು ಯಾರಿಗೆ? ದುಡ್ಡು ವಾಪಸ್ ಕೇಳಿದೆ. “ಒಂದು ಸಲ ಹಾಕಿದ ಮಾಲು ವಾಪಸ್ ಇಲ್ಲ.”

ಹಾಗೆ ಹೇಳಿದರೆ ಆಗಲಿಲ್ಲ. ಇಲ್ಲಿನ 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ, ಯಾವ ಕೆಲಸಕ್ಕೆ ಬೇಕು ಅಂತ ಮೊದಲೇ ಹೇಳಿದ್ದರೆ ವಸ್ತು ಆ ಕೆಲಸಕ್ಕೆ ಒದಗಬೇಕು. ಒದಗದಿದ್ದರೆ 30 ದಿನದೊಳಗೆ ತಿರಸ್ಕರಿಸಿ ದುಡ್ಡು ಕೇಳಬಹುದು. ನಾನು ಆ ಗಡುವಿನೊಳಗೇ ಕೇಳಿದ್ದೆ. ಕಾಯ್ದೆಯ ಹೆಸರು ಬರೆದು ಕಳಿಸಿದ ಮೇಲೆ ಆಸಾಮಿಯ ಉತ್ತರವೇ ನಿಂತುಹೋಯಿತು. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ 1974ರ ಗ್ರಾಹಕ ಸಾಲ ಕಾಯ್ದೆಯ ಸೆಕ್ಷನ್ 75ರಲ್ಲಿ ಕಾರ್ಡ್ ಕಂಪನಿಯನ್ನೇ ಹಿಡಿಯಬಹುದಿತ್ತು. 100 ಪೌಂಡ್ ಮೇಲಿನ ವಸ್ತುವಿಗೆ ಅದು ಅನ್ವಯಿಸುತ್ತದೆ. ಆ 30 ಪೌಂಡ್ ಯಾಕೆ ಬಿಟ್ಟ ಅಂತ ಈಗ ನಿಮಗೂ ಗೊತ್ತಾಯಿತಲ್ಲ.

ಹಳೇ ಕ್ಯಾಲಿಪರನ್ನೇ ವಾಪಸ್ ಹಾಕಿದ್ದೇನೆ. ಒಳ್ಳೇ ರಸ್ತೆ ಪ್ಯಾಡ್, ಹೊಸ ಡಾಟ್ 4 ಬ್ರೇಕ್ ಆಯಿಲ್, ಅಷ್ಟೇ. ಹೊಸ ಡಾಟ್ 4 ಕುದಿಯೋದು 230 ಡಿಗ್ರಿ ದಾಟಿದ ಮೇಲೆ. ನೀರಿನಂಶ ಎಳೆದುಕೊಂಡ ಹಳೇ ಆಯಿಲ್ 155ರ ಆಸುಪಾಸಿಗೇ ಕುದಿಯಬಹುದು. ಟ್ರ್ಯಾಕಿನಲ್ಲಿ ಪೆಡಲ್ ಮೆತ್ತಗಾಗುತ್ತಿದ್ದದ್ದು ಅದಕ್ಕೇ. ಇನ್ನೂ ಬೇಕು ಅನ್ನುವವರು ಅದೇ ಕಾರಿನ 1.8 ಮಾಡೆಲ್ಲಿನ 255 ಮಿ.ಮೀ. ಡಿಸ್ಕನ್ನು ಅದರ ಬ್ರಾಕೆಟ್ ಸಮೇತ ಹಾಕಿಸಿ. 14 ಇಂಚಿನ ಚಕ್ರದೊಳಗೇ ಕೂರುತ್ತದೆ. ಏನೇ ಬದಲಿಸಿದರೂ ಇನ್ಶೂರೆನ್ಸಿನವರಿಗೆ ತಿಳಿಸಿ. ಕೆಂಪು ಬಣ್ಣಕ್ಕೆ ಮಾತ್ರ ಮರುಳಾಗಬೇಡಿ. ಚಕ್ರದ ಅಳತೆಗೆ ಕೂರುತ್ತದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ, ಕ್ರೆಡಿಟ್ ಕಾರ್ಡಿನಲ್ಲೇ ದುಡ್ಡು ಕೊಡಿ.

ಸ್ಮಾಲ್ ಕ್ಲೇಮ್ಸ್‌ಗೆ (ಸಣ್ಣ ಮೊತ್ತದ ದಾವೆ ಕೇಳುವ ಕೋರ್ಟಿಗೆ) ಹೋಗುತ್ತೇನೆ ಅಂತ ಪತ್ರ ಹಾಕಿದ್ದೇನೆ, ಇನ್ನೂ ಸದ್ದಿಲ್ಲ. ಮೊನ್ನೆ ಅವನ ಜಾಹೀರಾತು ತೆಗೆದು ನೋಡಿದೆ. ಅದೇ ಕಿಟ್, ಅದೇ ಬೆಲೆ, ಅದೇ ಫೋಟೊ. “14 ಇಂಚಿನ ಚಕ್ರಕ್ಕೂ ಹೊಂದುತ್ತದೆ” ಅನ್ನುವ ಸಾಲು ಮಾತ್ರ ಮಾಯ. ಹಳೇ ಜಾಹೀರಾತಿನ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ. ಅವನಿಗೆ ಅದಿನ್ನೂ ಗೊತ್ತಿಲ್ಲ.