ಮಂಡಿ ಬಿಲ್ಲಿಗೆ ವರ್ಚುವಲ್‌ಬಾಕ್ಸ್: ಪ್ರಿಂಟರ್ ಹಂಚಿಕೆಯ ವಿಮರ್ಶೆ

ದಾವಣಗೆರೆಯ ಮೆಕ್ಕೆಜೋಳದ ಮಂಡಿಯಲ್ಲಿ ಡಾಸ್ ಕಾಲದ ಬಿಲ್ಲಿಂಗ್ ಸಾಫ್ಟ್‌ವೇರನ್ನೇ ನೆಚ್ಚಿಕೊಂಡ ಅಂಗಡಿಗೆ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಓಡಿಸುವ ಸಾಫ್ಟ್‌ವೇರ್) ನಿಜಕ್ಕೂ ಆಸರೆ. 64 ಬಿಟ್ ವಿಂಡೋಸ್ ಆ ಪ್ರೋಗ್ರಾಂಗಳನ್ನು ಓಡಿಸುವುದಿಲ್ಲ. ಒಳಗೆ 32 ಬಿಟ್ ವಿಂಡೋಸ್ 7 ಹಾಕಿದರೆ ಓಡುತ್ತವೆ.

ಯುಎಸ್‌ಬಿ ಪ್ರಿಂಟರನ್ನು ನೇರವಾಗಿ ಒಳಗಿನ ಯಂತ್ರಕ್ಕೆ ಕೊಡಬೇಡಿ. ಕೊಟ್ಟರೆ ಅಷ್ಟು ಹೊತ್ತು ಹೊರಗಿನ ವಿಂಡೋಸ್‌ಗೆ ಪ್ರಿಂಟರ್ ಇರುವುದೇ ಇಲ್ಲ. ಹಂಚಿಕೆಯೇ ವಾಸಿ: ಹೊರಗಿನ ಕಂಪ್ಯೂಟರಿನ ಪ್ರಿಂಟರ್ ಪ್ರಾಪರ್ಟೀಸ್‌ನ ಶೇರಿಂಗ್ ಟ್ಯಾಬ್‌ನಲ್ಲಿ ಜಾಗ ಬಿಡದ ಚಿಕ್ಕ ಹೆಸರು ಕೊಡಿ, ‘ಬಿಲ್’ ಅಂದರೆ ಸಾಕು. ನ್ಯಾಟ್ ಸಂಪರ್ಕದಲ್ಲಿ (ಒಳಗಿನ ಯಂತ್ರ ಹೊರಗಿನದರ ಮೂಲಕವೇ ನೆಟ್‌ವರ್ಕ್ ತಲುಪುವ ವರ್ಚುವಲ್‌ಬಾಕ್ಸ್ ವ್ಯವಸ್ಥೆ) ಒಳಗಿನಿಂದ ಹೊರಗಿನ ಕಂಪ್ಯೂಟರ್ ಸಾಮಾನ್ಯವಾಗಿ 10.0.2.2 ಆಗಿ ಕಾಣುತ್ತದೆ. ಡಾಸ್ ಪ್ರೋಗ್ರಾಂಗೆ ಸಾಮಾನ್ಯವಾಗಿ ಗೊತ್ತಿರುವುದು ಎಲ್‌ಪಿಟಿ1 ಎಂಬ ಹಳೆಯ ಪ್ರಿಂಟರ್ ಪೋರ್ಟ್ ಮಾತ್ರ, ಹಾಗಾಗಿ ಒಳಗಿನ ಯಂತ್ರದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಜೋಡಿಸಿ (ಟೈಪಿಸುವಾಗ ಇಂಗ್ಲಿಷ್ ಅಕ್ಷರ):

ನೆಟ್ ಯೂಸ್ ಎಲ್‌ಪಿಟಿ1: \\10.0.2.2\ಬಿಲ್ /ಪರ್ಸಿಸ್ಟೆಂಟ್:ಯೆಸ್

‘ಆಕ್ಸೆಸ್ ಡಿನೈಡ್’ ಬಂದರೆ ಮೊದಲು ಹೊರಗಿನ ಕಂಪ್ಯೂಟರಿನ ಖಾತೆಯ ಪಾಸ್‌ವರ್ಡ್ ನೋಡಿ. ಖಾಲಿ ಪಾಸ್‌ವರ್ಡಿನ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನ ಮೂಲಕ ಒಳಬಿಡುವುದಿಲ್ಲ. ಒಳಗೆ ವಿಂಡೋಸ್ ಎಕ್ಸ್‌ಪಿ ಹಾಕಿದವರಿಗೆ ಇನ್ನೊಂದು ತೊಡಕು: ಅದಕ್ಕೆ ಎಸ್‌ಎಂಬಿ1 (ಫೈಲು, ಪ್ರಿಂಟರ್ ಹಂಚಿಕೆಯ ಹಳೆಯ ವಿಧಾನ) ಬೇಕು, ಈಗಿನ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಸುರಕ್ಷತೆಯ ದೃಷ್ಟಿಯಿಂದ ಮತ್ತೆ ಹಾಕುವುದೂ ತಪ್ಪು.

ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಬಿಲ್ಲು ಸೊಗಸಾಗಿ ಬೀಳುತ್ತದೆ. ಅಗ್ಗದ ಲೇಸರ್ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ ಡಾಸ್ ಕಳಿಸುವ ಬರಿ ಅಕ್ಷರಗಳು ಅರ್ಥವಾಗುವುದಿಲ್ಲ.